ಅರ್ಹರು ಯಾರೂ ಹಾಜರಾಗಲಿಲ್ಲ

೨ ನವೆಂಬರ್ ೧೯೯೮, ಸೋಮವಾರ, ಕೊಟ್ಟೂರು

ಪರೀಕ್ಷೆಗೆಂದು ತರಿಸಿದ್ದ ಗೆರೆ ಪುಸ್ತಕಗಳಲ್ಲಿ ಒಂದು ಮಿಕ್ಕಿತ್ತು, ಮನೆಗೆ ತಂದೆ. ಶಾಲೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಕಾರ್ಯದರ್ಶಿಯ ಎಣ್ಣೆ ಗಿರಣಿ ಮುಟ್ಟುತ್ತದೆ. ಮನೆಯಲ್ಲಿ ಅವ್ವನಿಗೆ ಹೇಳಿದರೆ ಅರ್ಧ ಕೇಳಿಸಿಕೊಂಡು ಓಣಿಗೆಲ್ಲ ಪೂರ್ತಿ ಹೇಳುತ್ತಾಳೆ. ಬರೆದಿಡುವುದೇ ವಾಸಿ.

ನಮ್ಮ ಪ್ರೌಢಶಾಲೆಗೆ ಸಂಬಳ ಕೊಡುವುದು ಸರ್ಕಾರ, ದರ್ಬಾರು ನಡೆಸುವುದು ಶಾಲೆ ಕಟ್ಟಿಸಿದ ಊರಿನ ಸಂಘ. ನಾನು ಅಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತೆ. ಗಣಿತದ ಮೇಷ್ಟರ ಹುದ್ದೆ ಮೂರು ವರ್ಷದಿಂದ ಖಾಲಿ. ಯಾವ ಹುದ್ದೆ ಯಾವ ವರ್ಗದ ಪಾಳಿಗೆ ಎಂದು ಬರೆದಿಡುವ ರೋಸ್ಟರ್ ವಹಿಯಲ್ಲಿ ಅದು ಪರಿಶಿಷ್ಟ ಜಾತಿಯವರಿಗೆ ಬಂದಿದೆ. ಎರಡು ಸಲ ಸಂದರ್ಶನ ನಡೆಯಿತು. ಎರಡು ಸಲವೂ ‘ಅರ್ಹರು ದೊರೆಯಲಿಲ್ಲ’ ಎಂದು ನಾನೇ ಟೈಪ್ ಮಾಡಿದೆ. ಮೂರನೆಯ ಸಲವೂ ಹಾಗೇ ಬರೆದರೆ ಹುದ್ದೆಯನ್ನು ಸಾಮಾನ್ಯಕ್ಕೆ ತಿರುಗಿಸಿಕೊಂಡು ತಮ್ಮ ಅಕ್ಕನ ಮಗ ಕೊಟ್ರಸ್ವಾಮಿಯನ್ನು ಕೂರಿಸಬಹುದು ಎಂಬುದು ಕಾರ್ಯದರ್ಶಿ ಪಾಲಾಕ್ಷಪ್ಪನವರ ಆಸೆ. ಕೊಟ್ರಸ್ವಾಮಿ ಈಗಾಗಲೇ ತಾತ್ಕಾಲಿಕವಾಗಿ ಪಾಠ ಮಾಡುತ್ತಾನೆ. ಭಿನ್ನರಾಶಿ ಬಂದ ದಿನ ಮಕ್ಕಳನ್ನು ಆಟಕ್ಕೆ ಬಿಡುತ್ತಾನೆ.

ಹಾಗಂತ ಆ ಕೇರಿಯ ಕಡೆಯವರ ಬಗ್ಗೆ ನನಗೇನೂ ಮರುಕ ಇಲ್ಲ. ಹೊಳಲಿನವಳೊಬ್ಬಳು, ಬಿ.ಎಸ್ಸಿ., ಬಿ.ಎಡ್., ಎರಡು ಸಲವೂ ಬಂದಿದ್ದಳು. ಕೂಡ್ರಿ ಅನ್ನುವ ಮೊದಲೇ ಕುರ್ಚಿ ಎಳೆದು ಕೂತಳು. ಪಾಳಿಯಲ್ಲಿ ಬರುವವರಿಗೆ ಇಷ್ಟು ಬಿಗುಮಾನ! ನಾನು ಯಾರ ಪಾಳಿಯಲ್ಲೂ ಬಂದವಳಲ್ಲ. ನಮ್ಮ ಯಜಮಾನರು ಇದೇ ಕುರ್ಚಿಯಲ್ಲಿ ಗುಮಾಸ್ತರಾಗಿದ್ದಾಗ ತೀರಿಕೊಂಡರು, ಮುಂದಿನ ತಿಂಗಳು ಸಂಘದವರು ನನ್ನನ್ನು ಕರೆದು ಕೂರಿಸಿದರು. ಟೈಪಿಂಗ್ ಆಮೇಲೆ ಕಲಿತೆ, ಆದರೆ ಚೆನ್ನಾಗಿ ಕಲಿತೆ. ನಮ್ಮಪ್ಪನೂ ಹಾಗೆಯೇ, ಬರೀ ಬುದ್ಧಿಯ ಬಲದ ಮೇಲೆ ಹಡಗಲಿ ತಾಲೂಕು ಕಚೇರಿ ಸೇರಿದವರು.

೪ ನವೆಂಬರ್, ಬುಧವಾರ

ಸಂದರ್ಶನದ ಪತ್ರ ತಯಾರಾಯಿತು. ಉಳಿದ ಇಬ್ಬರು ಅರ್ಜಿದಾರರಿಗೆ ಬೇರೆ ಕಡೆ ನೌಕರಿ ಸಿಕ್ಕಿದೆ. ಇದ್ದದ್ದು ಹೊಳಲಿನವಳ ಒಂದೇ ಲಕೋಟೆ. ಪಾಲಾಕ್ಷಪ್ಪನವರು ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಗಂಗಮ್ಮಾರ, ಪತ್ರ ಇವತ್ತ ಹೋಗೈತಿ ಅಂತ ರವಾನೆ ವಹಿಯಾಗ ಬರ್ಕೊಳ್ರಿ. ಲಕೋಟಿ ಮಾತ್ರ ನಿಮ್ಮ ಡ್ರಾಯರಿನ್ಯಾಗ ಇರ್ಲಿ. ಹನ್ನೆರಡಕ್ಕ ಜವಾನ ಮಾರೇಶನ ಕೈಲಿ ಅಂಚಿ ಡಬ್ಬಿಗೆ ಹಾಕಸ್ರಿ.”

“ಸಂದರ್ಶನ ಹದಿಮೂರಕ್ಕ ಐತಲ್ರೀ.”

“ಅದಕ್ಕ ಹೇಳಿದ್ದು.”

“ಬಂದ್ರ ಬರ್ಲಿ ಬಿಡ್ರಿ. ಹಿಂದ ಎರಡು ಸಲ ಕಳಿಸಿದಂಗ ವಾಪಸ್ ಕಳಸ್ರಿ.”

“ಹೋದ ಸಲ ನಾ ಕೇಳಿದ ಪ್ರಶ್ನಿಯೊಳಗ ತಪ್ಪು ಹಿಡದ್ಳು. ಇಲಾಖೆಯವ್ರು ಬಾಜೂಕ ಕುಂತಿದ್ರು. ಮತ್ತ ಆ ಉಸಾಬರಿ ಬ್ಯಾಡ.”

ಆ ಸಲ ಅವಳನ್ನು ಬೇಡವೆನ್ನಲು ಅವರು ಬರೆಸಿದ ಕಾರಣ ‘ಭಾಷೆ ಶುದ್ಧವಿಲ್ಲ’ ಎಂದು. ಯಾರು ಬರೆಸಿದ್ದು? ಜನವರಿ ಇಪ್ಪತ್ತಾರಕ್ಕೆ ಮೈಕಿನ ಮುಂದೆ ನಿಂತು ‘ಗಣರಾಜ್ಯ’ವನ್ನು ‘ಗನರಾಜ’ ಮಾಡುವ ಮಹಾಶಯರು.

ವಹಿಯಲ್ಲಿ ನಾಲ್ಕನೇ ತಾರೀಕು ಹಾಕಿದೆ, ಲಕೋಟೆಯನ್ನು ಡ್ರಾಯರಿಗೆ ಹಾಕಿದೆ. ಹೇಗೂ ಆಗದ ಕೆಲಸಕ್ಕೆ ಅವಳಿಗೆ ಬಸ್ಸಿನ ಧೂಳು ತಪ್ಪಿತು.

೧೩ ನವೆಂಬರ್, ಶುಕ್ರವಾರ

ಸಂದರ್ಶನ ಮುಗಿಯಿತು. ಮುಗಿಯಲು ಶುರುವಾಗಿದ್ದೇನಿತ್ತು? ನಾಲ್ಕು ಜನ ದೊಡ್ಡವರು ಹನ್ನೊಂದರಿಂದ ಒಂದು ಗಂಟೆಯವರೆಗೆ ಖಾಲಿ ಕುರ್ಚಿಯ ಮುಂದೆ ಕೂತು ಮಂಡಕ್ಕಿ, ಮಿರ್ಚಿ ತಿಂದರು. ನಾನು ‘ಅರ್ಹರು ಯಾರೂ ಹಾಜರಾಗಲಿಲ್ಲ’ ಎಂದು ಟೈಪ್ ಮಾಡಿದೆ. ಹೆಡ್‌ಮಾಸ್ಟರ್ ಶಿವಯೋಗಪ್ಪನವರು ಓದದೆ ಸಹಿ ಹಾಕಿದರು. ಓದಿದರೆ ಗೊತ್ತಾಗುತ್ತದೆ, ಗೊತ್ತಾದರೆ ತೊಂದರೆ. ಅವರ ಇಡೀ ಆಡಳಿತ ಅಷ್ಟರಲ್ಲೇ ಇದೆ.

೧೬ ನವೆಂಬರ್, ಸೋಮವಾರ

ಅವಳು ಬಂದಳು. ಅತ್ತು ಕರೆಯುತ್ತಾಳೆ ಅಂದುಕೊಂಡಿದ್ದೆ. ಮೇಜಿನ ಮೇಲೆ ಲಕೋಟೆ ಇಟ್ಟು ಅದರ ಮೇಲಿನ ಅಂಚೆ ಮುದ್ರೆಯನ್ನು ಬೆರಳಿನಿಂದ ತೋರಿಸಿದಳು.

“ಮೇಡಮ್ಮಾರ, ನಾ ಜಗಳಕ್ಕ ಬಂದಿಲ್ರಿ. ಈ ಮುದ್ರಿ ಒಂದು ಓದ್ರಿ.”

“ಏನೈತಿ ಅದ್ರಾಗ?”

“ಕೊಟ್ಟೂರು, ಹನ್ನೆರಡು ನವೆಂಬರ್. ಒಳಗಿನ ಪತ್ರದಾಗ ನಾಲ್ಕು ನವೆಂಬರ್. ನಡುವ ಎಂಟು ದಿನ ಈ ಪತ್ರ ಎಲ್ಲಿತ್ರಿ?”

“ಅಂಚಿಯವ್ರನ್ನ ಕೇಳವ್ವ.”

“ಕೇಳೇ ಬಂದೀನ್ರಿ. ಡಬ್ಬಿಗೆ ಬಿದ್ದ ದಿನಾನ ಮುದ್ರಿ ಹೊಡಿತಾರಂತ. ನನಗ ಶನಿವಾರ ಮುಟ್ಟೇತಿ. ಸಂದರ್ಶನ ಶುಕ್ರವಾರ.”

“ಮತ್ತ ನಾನೇನು ಮಾಡ್ಲಿ?”

“ಏನೂ ಮಾಡಬ್ಯಾಡ್ರಿ. ನಾ ಇಲ್ಲಿಗೆ ಬಂದಿದ್ದೆ, ನೀವು ಮುದ್ರಿ ನೋಡಿದ್ರಿ ಅಂತ ಗೊತ್ತಿರ್ಲಿ.”

ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟುಹೋದಳು. ಎಂಥ ಸೊಕ್ಕು! ಕೂಗಾಡಿದ್ದರೆ ನಾನೂ ಕೂಗಾಡಿ ಕೈತೊಳೆದುಕೊಳ್ಳುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ. ಮಧ್ಯಾಹ್ನ ರೊಟ್ಟಿ ಅರ್ಧಕ್ಕೇ ಬಿಟ್ಟೆ, ಒಣಗಿ ಕಟಗಾಗಿದ್ದವು.

೨೫ ನವೆಂಬರ್, ಬುಧವಾರ

ಅವಳು ಇಲಾಖೆಗೆ ಬರೆದಿದ್ದಾಳಂತೆ. ಪಾಲಾಕ್ಷಪ್ಪನವರಿಗೆ ಈಗ ಕಾನೂನು ಬೇಕಾಗಿದೆ. ಮೂರು ಸಲ ಖಾಲಿ ಉಳಿದ ಹುದ್ದೆ ಸಾಮಾನ್ಯಕ್ಕೆ ಬರುತ್ತದೆ ಎಂಬ ಸುತ್ತೋಲೆ ಬೀರುವಿನಲ್ಲಿ ಇದ್ದೇ ಇದೆ, ಹುಡುಕಿ ಕೊಡ್ರಿ ಅಂದರು. ಎರಡು ದಿನ ಮೂಗಿಗೆ ಸೆರಗು ಕಟ್ಟಿಕೊಂಡು ಗಂಟು ಬಿಚ್ಚಿದೆ.

ನಮ್ಮ ತಾಲೂಕುಗಳು ಐವತ್ಮೂರರವರೆಗೆ ಮದರಾಸಿಗೆ ಸೇರಿದ್ದರಿಂದ ಆ ಕಾಲದ ಕಾಗದಗಳೂ ಅದರಲ್ಲಿದ್ದವು. ಮದರಾಸಿನವರು ಹನ್ನೆರಡು ನೌಕರಿ ಇದ್ದರೆ ಹನ್ನೆರಡು ಪಾಳಿ ಮಾಡಿದ್ದರು. ಐದು ಬ್ರಾಹ್ಮಣೇತರ ಹಿಂದೂಗಳಿಗೆ, ಎರಡು ಬ್ರಾಹ್ಮಣರಿಗೆ, ಎರಡು ಮುಸಲ್ಮಾನರಿಗೆ, ಎರಡು ಕ್ರೈಸ್ತರಿಗೆ, ಕೊನೆಗೆ ಒಂದೇ ಒಂದು ಕೇರಿಯವರಿಗೆ. ಜಾತ್ಯತೀತ ದೇಶವಾದ ಮೇಲೆ ಐವತ್ತೊಂದರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಅದೇ ವರ್ಷ ಪಾರ್ಲಿಮೆಂಟಿನವರು ಸಂವಿಧಾನಕ್ಕೆ ತೇಪೆ ಹಚ್ಚಿದರು. ಅರವತ್ತೆರಡರಲ್ಲಿ ಮೈಸೂರು ಸರ್ಕಾರ ನೂರಕ್ಕೆ ಅರವತ್ತೆಂಟು ಸೀಟು ಹಂಚಲು ಹೋಗಿ ಕೋರ್ಟಿನಲ್ಲಿ ಬೈಸಿಕೊಂಡು ಬಂತು. ಎಪ್ಪತ್ತೈದರಲ್ಲಿ ಹಾವನೂರರ ವರದಿ ಬಂದಾಗ ನಮ್ಮ ಜಾತಿಯವರನ್ನು ಹಿಂದುಳಿದವರ ಪಟ್ಟಿಯಿಂದ ಬಿಟ್ಟರೆಂದು ನಮ್ಮ ಮಂದಿಯೇ ಕೂಗಾಡಿದರು. ಮೀಸಲಾತಿ ಬೇಡ ಎಂದಲ್ಲ, ನಮಗೇಕಿಲ್ಲ ಎಂದು! ತೊಂಬತ್ತೆರಡರ ಮಂಡಲ್ ತೀರ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೇಡ, ಬಡ್ತಿಯಲ್ಲಂತೂ ಬೇಡವೇ ಬೇಡ ಎಂದರು. ತೊಂಬತ್ತೈದರಲ್ಲಿ ಸಂವಿಧಾನ ತಿದ್ದಿ ಪರಿಶಿಷ್ಟರಿಗೆ ಬಡ್ತಿಯಲ್ಲೂ ಇರಲಿ ಎಂದರು. ಒಬ್ಬರು ಹೊಲಿಯುವುದು, ಇನ್ನೊಬ್ಬರು ಬಿಚ್ಚುವುದು. ಐವತ್ತು ವರ್ಷ ದಿಲ್ಲಿಯಲ್ಲಿ ಕರಿ ಕೋಟಿನವರು ಗಂಟಲು ಹರಿದುಕೊಂಡ ಸಂಗತಿಯನ್ನು ನಮ್ಮ ಪಾಲಾಕ್ಷಪ್ಪನವರು ನನ್ನ ಡ್ರಾಯರಿನಲ್ಲಿ ಎಂಟು ದಿನ ಮುಚ್ಚಿಟ್ಟು ಮುಗಿಸಿಬಿಟ್ಟರು.

ಅವರಿಗೆ ಬೇಕಾದ ಸುತ್ತೋಲೆ ಸಿಗಲಿಲ್ಲ. ಸಿಕ್ಕಿದ್ದು ತದ್ವಿರುದ್ಧದ್ದು. ಮೀಸಲು ಹುದ್ದೆ ಖಾಲಿ ಉಳಿದರೂ ಅದೇ ವರ್ಗಕ್ಕೆ ಮುಂದುವರಿಯಬೇಕು, ಸಂಘದವರು ತಾವಾಗಿ ತಿರುಗಿಸಿಕೊಳ್ಳುವಂತಿಲ್ಲ ಎಂದಿತ್ತು. ಒಯ್ದು ತೋರಿಸಿದೆ. “ಇದು ಸಿಕ್ಕಿಲ್ಲ ಅಂತ ತಿಳ್ಕೊಳ್ರಿ” ಅಂದರು.

೯ ಡಿಸೆಂಬರ್, ಬುಧವಾರ

ಇಲಾಖೆಯ ನೋಟೀಸು ಬಂತು. ಜನವರಿ ಹನ್ನೆರಡಕ್ಕೆ ಕೂಡ್ಲಿಗಿಯಲ್ಲಿ ವಿಚಾರಣೆ, ರವಾನೆ ವಹಿ ತರಬೇಕು. ಹೆಡ್‌ಮಾಸ್ಟರ ಕೋಣೆಯ ಬಾಗಿಲು ಹಾಕಿಕೊಂಡು ಕೂತೆವು. ಶಿವಯೋಗಪ್ಪನವರು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು.

“ತಪ್ಪು ಯಾರ್ದೂ ಅಲ್ಲ” ಅಂದರು ಪಾಲಾಕ್ಷಪ್ಪ. “ನೀವು ನಾಲ್ಕಕ್ಕ ಲಕೋಟಿ ಕೊಟ್ಟೀರಿ. ಜವಾನ ಮಾರೇಶ ಡಬ್ಬಿಗೆ ಹಾಕಾದು ಮರ್ತಾನ. ಹಂಗಂತ ಹೇಳಿಕಿ ಬರಕೊಡ್ರಿ.”

“ಅವನಿಗೆ ನಾ ಕೊಟ್ಟಿದ್ದು ಹನ್ನೆರಡಕ್ಕ.”

“ಅದು ನಿಮಗೂ ನನಗೂ ಗೊತ್ತು.”

“ಅವನ ನೌಕರಿ ಹೋಗ್ತೈತ್ರಿ. ಎರಡು ಹೆಣ್ಣುಮಕ್ಕಳು ಅದಾವ.”

“ಅವ್ನೂ ಪಾಳಿಮ್ಯಾಲ ಬಂದವನ ಅಲ್ಲೇನು? ಒಬ್ರು ಹೋದ್ರ ಅವ್ರವ್ರೇ ಇನ್ನೊಬ್ರು ಬರ್ತಾರ.” ನಾನು ಪೆನ್ನು ತೆಗೆಯದ್ದು ನೋಡಿ ದನಿ ಬದಲಿಸಿದರು. “ಗಂಗಮ್ಮಾರ, ನೀವೇನು ಪರೀಕ್ಷಿ ಬರದು ಬಂದೀರೇನು? ಗಂಡ ಹೋದ ಅಂತ ಕರುಣಿ ತೋರ್ಸಿ ಕುಂದ್ರಿಸೀವಿ. ಅದನ್ನ ನೆಪ್ಪಿಟ್ಕೊಳ್ರಿ.”

ಇಪ್ಪತ್ತು ವರ್ಷ ಇವರ ತಪ್ಪುಗಳನ್ನೆಲ್ಲ ತಿದ್ದಿ ಟೈಪ್ ಮಾಡಿ ಇಲಾಖೆಯಿಂದ ಬೈಸಿಕೊಳ್ಳದ ಹಾಗೆ ಕಾಪಾಡಿದವಳು ನಾನು. ಕರುಣೆಯಂತೆ!

೧೦ ಡಿಸೆಂಬರ್, ಗುರುವಾರ

ಹೇಳಿಕೆ ಟೈಪ್ ಮಾಡಿದೆ. ಸಹಿ ಹಾಕಿಲ್ಲ. ಮಾರೇಶ ಚಹಾ ತಂದ. ಸಕ್ಕರೆ ಕಡಿಮೆ ಎಂದು ಬೈದೆ. ಸರಿಯಾಗಿಯೇ ಇತ್ತು.

೨೦ ಡಿಸೆಂಬರ್, ಭಾನುವಾರ

ನನ್ನ ನೇಮಕಾತಿ ಆದೇಶ ಹುಡುಕಲು ಟ್ರಂಕು ತೆಗೆದೆ. ಅದರಲ್ಲಿ ಕರುಣೆಯ ಮಾತು ಎಲ್ಲಿದೆ ತೋರಿಸ್ರಿ ಎಂದು ಆ ಮನುಷ್ಯನ ಮುಖಕ್ಕೆ ಹಿಡಿಯುವುದಿತ್ತು. ಸಿಕ್ಕಿತು. ಎರಡನೇ ಸಾಲಿನಲ್ಲೇ ‘ಅನುಕಂಪದ ಆಧಾರದ ಮೇಲೆ’ ಎಂದಿದೆ. ಇಷ್ಟು ವರ್ಷ ಓದಿಲ್ಲವೋ, ಓದಿ ಮರೆತಿದ್ದೆನೋ.

ಅದರ ಕೆಳಗೆ ಅಪ್ಪನ ಕಾಗದಗಳಿದ್ದವು. ಸಾವಿರದ ಒಂಬೈನೂರ ಮೂವತ್ತೊಂಬತ್ತರ ಆದೇಶ, ಇಂಗ್ಲಿಷಿನದು, ಮಡಿಕೆಯಲ್ಲಿ ಹರಿದಿದೆ. ಹಡಗಲಿ ತಾಲೂಕು ಕಚೇರಿಗೆ ಗುಮಾಸ್ತ. ಹೆಸರಿನ ಮುಂದೆ ಬರೆದಿತ್ತು: ಬ್ರಾಹ್ಮಣೇತರ ಹಿಂದೂ ಪಾಳಿ.

ಅವ್ವ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಎಪ್ಪತ್ತೆಂಟಾದರೂ ಕೈ ನಿಂತಿಲ್ಲ. ಜೋರಾಗಿ ಕೇಳಿದೆ.

“ಅವ್ವಾ, ಅಪ್ಪನ್ನ ಪಾಳಿಮ್ಯಾಲ ತಗೊಂಡಿದ್ರೇನು?”

“ಹೂಂ ಮತ್ತ. ಅದಕ್ಕಿಂತ ಮೊದ್ಲು ಎರಡು ಸಲ ಹೋಗಿದ್ರು. ಕಚೇರಿ ತುಂಬ ಬ್ರಾಹ್ಮಣ್ರು, ಅವ್ರವ್ರೇ ಮಂದಿ. ಗಾಣದ ಮನಿಯಾವ, ಎಣ್ಣಿ ಮಾರಾಕ ಬಂದೀಯೇನಪ್ಪಾ ಅಂತ ನಕ್ಕು ಕಳಿಸಿದ್ರಂತ. ಮೂರನೇ ಸಲ ಪಾಳಿ ಬಂತು. ಆವತ್ತ ಊರಿಗೆಲ್ಲ ಸಕ್ಕರಿ ಹಂಚಿದ್ರು.”

“ನನಗ ಯಾಕ ಹೇಳ್ಲಿಲ್ಲ?”

“ನೀ ಕೇಳ್ಲಿಲ್ಲವ್ವ.”

ಅದು ಬೇರೆ ಕಾಲ, ಬೇರೆ ಮಾತು. ಅಪ್ಪನಂಥವರು ಪಾಳಿ ಇಲ್ಲದಿದ್ದರೂ ಮೇಲೆ ಬರುತ್ತಿದ್ದರು. ಎರಡು ಸಲ ಬಂದಿರಲಿಲ್ಲ, ಅಷ್ಟೇ.

೬ ಜನವರಿ ೧೯೯೯, ಬುಧವಾರ

ಪಾಲಾಕ್ಷಪ್ಪ ಮೂರು ಸಲ ಕೇಳಿದರು, ಸಹಿ ಆತೇನ್ರಿ ಎಂದು. ಪೆನ್ನಿನ ಮಸಿ ಮುಗಿದಿದೆ ಎಂದೆ. ಐವತ್ತೊಂದು ವರ್ಷದವಳು ಹೇಳುವ ಸುಳ್ಳೇ ಇದು?

೧೨ ಜನವರಿ, ಮಂಗಳವಾರ

ಬೆಳಿಗ್ಗೆ ಕೂಡ್ಲಿಗಿ ಬಸ್ಸು ಹತ್ತಿದೆ. ವಹಿ ನನ್ನ ತೊಡೆಯ ಮೇಲೆ. ಕಾರ್ಯದರ್ಶಿಯೂ ಹೆಡ್‌ಮಾಸ್ಟರೂ ಜೀಪಿನಲ್ಲಿ ಹೋದರು, ಗುಮಾಸ್ತೆಗೆ ಅದರಲ್ಲಿ ಜಾಗವಿರಲಿಲ್ಲ. ಬಸ್ಸಿನಲ್ಲಿ ಇದ್ದದ್ದು ಒಂದೇ ಸೀಟು, ಅದೂ ಹೊಳಲಿನವಳ ಪಕ್ಕ. ಅವಳು ಚೀಲ ಸರಿಸಿದಳು. ನಿಂತೇ ಹೋಗಬೇಕೆಂದಿದ್ದೆ, ಮೊಣಕಾಲು ನೋವು ಕೇಳಲಿಲ್ಲ, ಕೂತೆ.

“ಹೇಳಿಕಿ ಕೊಡಾಕ ಹೊಂಟೀರೇನ್ರಿ?”

“ಹೂಂ.”

“ಏನು ಹೇಳ್ತೀರಿ ಅಂತ ನಾ ಕೇಳಂಗಿಲ್ರಿ.” ಹಾಗಂದು ಮಡಿಲಲ್ಲಿದ್ದ ಉತ್ತರ ಪತ್ರಿಕೆ ತಿದ್ದತೊಡಗಿದಳು. ಹಡಗಲಿಯಲ್ಲಿ ಹಾಸ್ಟೆಲಿನ ಮಕ್ಕಳಿಗೆ ಪಾಠ ಹೇಳುತ್ತಾಳಂತೆ. ಬಸ್ಸು ಅಷ್ಟು ಕುಲುಕುತ್ತಿದ್ದರೂ ಕೆಂಪು ಪೆನ್ನು ನಿಲ್ಲಲಿಲ್ಲ. ಒಂದು ತಪ್ಪು ಉತ್ತರಕ್ಕೆ ಐದಕ್ಕೆ ಮೂರು ಕೊಟ್ಟಳು.

“ಉತ್ತರ ತಪ್ಪೈತಲ್ಲ” ಎಂದೆ. ಬಾಯಿ ಸುಮ್ಮನಿರಬೇಕಲ್ಲ.

“ಕೊನಿಗೆ ಕೂಡ್ಸಾಗ ತಪ್ಪ್ಯಾನ್ರಿ. ಮಾಡಿದ ರೀತಿ ಸರಿ ಐತಿ. ಸೊನ್ನಿ ಕೊಟ್ರ ನಾಳೆ ಪುಸ್ತಕಾನ ತಗಿಯಂಗಿಲ್ಲ.”

ಹೀಗೆ ಅಂಕ ಹಂಚಿದರೆ ಊರೆಲ್ಲ ಪಾಸು. ಆದರೆ ಕೊಟ್ರಸ್ವಾಮಿ ತಿದ್ದುವಾಗ ಉತ್ತರ ಸರಿಯೋ ತಪ್ಪೋ ಎಂದು ಪುಸ್ತಕದ ಕೊನೆಯ ಪುಟ ನೋಡಿಕೊಳ್ಳುತ್ತಾನೆ. ಅದನ್ನು ಅವಳಿಗೆ ಹೇಳಲಿಲ್ಲ.

ವಿಚಾರಣೆ ಪ್ರವಾಸಿ ಮಂದಿರದಲ್ಲಿ. ಬಳ್ಳಾರಿಯಿಂದ ಬಂದ ಅಧಿಕಾರಿ ತಲೆ ಎತ್ತದೆ ಬರೆದುಕೊಳ್ಳುವ ಮನುಷ್ಯ. ಮಾರೇಶನನ್ನೂ ಕರೆಸಿದ್ದರು. ಹೊಸ ಅಂಗಿ ಹಾಕಿಕೊಂಡು ಬಾಗಿಲ ಹೊರಗೆ ನಿಂತಿದ್ದ, ಮದುವೆಗೆ ಬಂದವನ ಹಾಗೆ. ತನ್ನ ಮೇಲೆ ಏನು ಬರುತ್ತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಈ ಬರಹ ನಿಮ್ಮದೇ ಏನಮ್ಮಾ?” ಅಧಿಕಾರಿ ವಹಿ ತೋರಿಸಿ ಕೇಳಿದರು.

“ಹೌದ್ರಿ.”

“ನಾಲ್ಕನೇ ತಾರೀಕು ಲಕೋಟೆ ಜವಾನನ ಕೈಗೆ ಕೊಟ್ಟಿರಾ?”

ಪಾಲಾಕ್ಷಪ್ಪ ಕೆಮ್ಮಿದರು. ಆ ಕೆಮ್ಮು ಇಲ್ಲದಿದ್ದರೆ ನಾನು ಹೌದು ಅಂದುಬಿಡುತ್ತಿದ್ದೆನೇನೋ. ಇಪ್ಪತ್ತು ವರ್ಷದಿಂದ ಆ ಕೆಮ್ಮಿಗೆ ಎದ್ದು ನಿಂತಿದ್ದೇನೆ.

“ಇಲ್ರಿ. ಎಂಟು ದಿನ ನನ್ನ ಡ್ರಾಯರಿನ್ಯಾಗ ಇತ್ತು. ಕಾರ್ಯದರ್ಶಿಯವ್ರು ಇಡು ಅಂದ್ರು, ನಾ ಇಟ್ಟೆ. ಹನ್ನೆರಡಕ್ಕ ಮಾರೇಶಗ ಕೊಟ್ಟೆ. ಅವ ಆವತ್ತ ಹಾಕ್ಯಾನ.”

“ಏನು ಹೇಳ್ತಾ ಇದ್ದೀರಿ ಗೊತ್ತಿದೆಯಾ? ನಿಮ್ಮ ಮೇಲೂ ಕ್ರಮ ಆಗುತ್ತೆ.”

“ಗೊತ್ತೈತ್ರಿ. ಬರ್ಕೊಳ್ರಿ.”

ಶಿವಯೋಗಪ್ಪನವರನ್ನು ಕೇಳಿದಾಗ ಅವರು ತಮಗೆ ಆವತ್ತು ಜ್ವರ ಇತ್ತು ಎಂದರು. ಯಾವತ್ತು ಎಂದು ಅಧಿಕಾರಿ ಕೇಳಿದ್ದಕ್ಕೆ, ಎಲ್ಲಾ ದಿನವೂ ಎಂದರು.

ಹೊರಗೆ ಬಂದಾಗ ಹೊಳಲಿನವಳು ಎದ್ದು ನಿಂತಳು. ಏನೋ ಹೇಳಲು ಬಂದಳು. ನಿನಗೋಸ್ಕರ ಹೇಳಿಲ್ಲ ಎಂದುಬಿಟ್ಟೆ. “ಅದೂ ಗೊತ್ತೈತ್ರಿ” ಎಂದಳು. ಏನು ಗೊತ್ತಿದೆ ಅವಳಿಗೆ? ನಾನು ಹೇಳಿದ್ದು ನನ್ನ ವಹಿಗಾಗಿ. ಮತ್ತೆ ಆ ಮಾರೇಶನ ಹೊಸ ಅಂಗಿ ನೋಡಲಾಗಲಿಲ್ಲ, ಅದಕ್ಕೆ.

೧೮ ಜನವರಿ, ಸೋಮವಾರ

ನನ್ನನ್ನು ಅಮಾನತು ಮಾಡಿದ್ದಾರೆ. ಆದೇಶ ಟೈಪ್ ಮಾಡಲು ಯಾರಿಗೂ ಬರುವುದಿಲ್ಲವಾದ್ದರಿಂದ ನನ್ನಿಂದಲೇ ಮಾಡಿಸಿದರು. ಅವರು ಕೊಟ್ಟ ಕರಡಿನಲ್ಲಿ ‘ಅಮಾನತ್ತು’ ಎಂದಿತ್ತು. ತಿದ್ದಿದೆ.

೨ ಮಾರ್ಚ್, ಮಂಗಳವಾರ

ಮನೆಯಲ್ಲಿ ಕೂತು ಆರು ವಾರ. ಓಣಿಯ ಹೆಂಗಸರು ಸಮಾಧಾನ ಹೇಳಲು ಬಂದು, ಕೇರಿಯವಳಿಗಾಗಿ ಅನ್ನ ಕಳಕೊಂಡಳು ಎಂದು ಬಾಗಿಲು ದಾಟುವ ಮೊದಲೇ ಮಾತಾಡಿಕೊಳ್ಳುತ್ತಾರೆ. ಇವರ ಸಮಾಧಾನಕ್ಕಿಂತ ನೋಟೀಸು ಮೇಲು.

ಮಾರೇಶ ಬಂದಿದ್ದ. ಹಿಂದೆಲ್ಲ ಅಂಗಳದಲ್ಲೇ ನಿಂತು ಕಾಗದ ಕೊಟ್ಟು ಹೋಗುತ್ತಿದ್ದ. ಬಿಸಿಲಿತ್ತು, ಒಳಗೆ ಕರೆದೆ. ಇಲಾಖೆಯವರೇ ಬಳ್ಳಾರಿಯಲ್ಲಿ ಮತ್ತೆ ಸಂದರ್ಶನ ಮಾಡಿದರಂತೆ.

“ಆ ಹೊಳಲಿನ ಅಕ್ಕಾರು ಆಗ್ಯಾರ್ರಿ. ಜೂನ್ ಒಂದಕ್ಕ ಬರ್ತಾರ.”

“ಹುಲುಗಮ್ಮ ಅಂತ ಹೆಸರೈತಿ ಆಕಿಗೆ” ಎಂದೆ. “ಪಾಲಾಕ್ಷಪ್ಪ ಏನಂದ?”

“ಸಂಘದವ್ರಿಗೆ ಎಚ್ಚರಿಕಿ ಪತ್ರ ಬಂದೈತ್ರಿ. ಓದಿ ಕಿಸೆದಾಗ ಇಟ್ಕೊಂಡ್ರು.”

ಹೇಳಿದವರಿಗೆ ಎಚ್ಚರಿಕೆ, ಕೇಳಿದವಳಿಗೆ ಅಮಾನತು. ಐವತ್ತು ವರ್ಷದ ಸುತ್ತೋಲೆಗಳಲ್ಲಿ ಇದಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬಂದಿಲ್ಲ.

ಅವ್ವ ಮಾರೇಶನಿಗೆ ಊಟಕ್ಕೆ ಹಾಕಿದಳು. ನಾನು ಬೇಡ ಎನ್ನಲಿಲ್ಲ. ಅನ್ನ ಮಿಕ್ಕಿತ್ತು.

೧ ಜೂನ್ ೧೯೯೯, ಮಂಗಳವಾರ

ಕಳೆದ ತಿಂಗಳ ಕೊನೆಗೆ ಅಮಾನತು ತೆಗೆದು, ಒಂದು ವರ್ಷದ ವೇತನ ಬಡ್ತಿ ತಡೆದು, ನನ್ನನ್ನು ಮತ್ತೆ ಅದೇ ಕುರ್ಚಿಗೆ ಕಳಿಸಿದ್ದಾರೆ. ಟೈಪಿಂಗ್ ಮೆಷೀನಿನ ಮೇಲೆ ಇಲಿ ಹಿಕ್ಕೆ. ಯಾರೂ ಮುಟ್ಟಿರಲಿಲ್ಲ.

ಇವತ್ತು ಶಾಲೆ ಶುರು. ಒಂಬತ್ತೂವರೆಗೇ ಹುಲುಗಮ್ಮ ಬಂದು ಕೂತಿದ್ದರು. ಈ ಸಲವೂ ಯಾರೂ ಕೂಡ್ರಿ ಅಂದಿರಲಿಲ್ಲ. ಶಿವಯೋಗಪ್ಪನವರು ನನ್ನನ್ನು ಒಳಗೆ ಕರೆದು ದನಿ ತಗ್ಗಿಸಿದರು.

“ಹಾಜರಿ ಪುಸ್ತಕದಾಗ ಆಕಿ ಹೆಸರು ಪೆನ್ಸಿಲ್‌ನ್ಯಾಗ ಬರೀರಿ. ಸಂಘದವ್ರು ಹೈಕೋರ್ಟಿಗೆ ಹೋಗಾರದಾರ. ಅಳಸಾದು ಬಂದ್ರ ಹೊಲಸು ಕಾಣಬಾರ್ದು.”

ಪೆನ್ಸಿಲ್ ಮೂರನೇ ಇಯತ್ತೆಯ ಮಕ್ಕಳಿಗೆ. ಮಸಿಯಲ್ಲಿ ಬರೆದೆ: ಹುಲುಗಮ್ಮ ಡಿ., ಬಿ.ಎಸ್ಸಿ., ಬಿ.ಎಡ್., ಸಹಶಿಕ್ಷಕಿ, ಗಣಿತ. ಪುಸ್ತಕ ತಿರುಗಿಸಿ ಹುಲುಗಮ್ಮನವರ ಮುಂದೆ ಇಟ್ಟೆ. ಕ್ಲಾಸಿನ ಗಂಟೆ ಹೊಡೆಯಿತೆಂದು ಅವಸರದಲ್ಲಿ ಸಹಿ ಹಾಕಿ ಓಡಿದರು. ಏನು ಸಹಿಯೋ! ಇವತ್ತಿನ ಚೌಕದಲ್ಲಿ ಹಿಡಿಸದೆ ನಾಳೆಯದಕ್ಕೂ ನಾಡಿದ್ದಿನದಕ್ಕೂ ಕಾಲು ಚಾಚಿದೆ. ನಾಳೆ ಹೇಳಬೇಕು, ನಿವೃತ್ತಿಯವರೆಗೆ ಇಲ್ಲಿ ಇನ್ನೂ ಇಪ್ಪತ್ತೆಂಟು ವರ್ಷ ದಿನಾ ಸಹಿ ಹಾಕುವುದಿದೆ, ಸ್ವಲ್ಪ ಸಣ್ಣದಾಗಿ ಹಾಕವ್ವ ಎಂದು.